ಹಳೆ ಸೈಕಲ್ ಸವಾರಿಗೆ ಸಲಕರಣೆ ನಿಯಮ: ಕುಂಬಳೆ–ಬದಿಯಡ್ಕ ದಾರಿಯ ಅನುಭವ

ಹಳೆ ಸೈಕಲ್ ಸವಾರಿಗೆ ನಿಯಮ ಬರೆಯಲು ಕೂತವರು ಮೊದಲು ತೆರೆಯುವುದು ಇಟಲಿಯ ‘ಲೆರೊಯಿಕಾ’ದ ಪಟ್ಟಿಯನ್ನು. 1997ರಲ್ಲಿ ತಸ್ಕನಿಯ ಗಾಯೋಲೆಯಲ್ಲಿ ಶುರುವಾದ ಆ ಸವಾರಿಗೆ 1987ಕ್ಕೆ ಹಿಂದಿನ ರೇಸಿಂಗ್ ಸೈಕಲ್ಲೇ ಆಗಬೇಕು. ಗೇರ್ ಲಿವರ್ ಫ್ರೇಮಿನ ಕೆಳಪೈಪಿನ ಮೇಲಿರಬೇಕು, ಪೆಡಲಿಗೆ ಪಾದ ಹಿಡಿದಿಡುವ ಟೋ ಕ್ಲಿಪ್ಪು ಮತ್ತು ಪಟ್ಟಿ ಬೇಕು, ಬ್ರೇಕ್ ಕೇಬಲ್ ಹ್ಯಾಂಡಲಿನ ಹೊರಗಿಂದಲೇ ಬರಬೇಕು. ಅಲ್ಲಿಗೆ ಅದು ಸರಿ. ನಮ್ಮ ಕಾಸರಗೋಡಿನ ಕುಂಬಳೆ, ಸೀತಾಂಗೋಳಿ, ಬದಿಯಡ್ಕ ಕಡೆಯ ಮನೆಗಳಿಂದ ಹೊರಬರುವುದು ರಾಡ್ ಬ್ರೇಕಿನ (ಕೇಬಲಿನ ಬದಲು ಕಬ್ಬಿಣದ ಸರಳಿನಿಂದ ಎಳೆಯುವ ಬ್ರೇಕು), 28 ಇಂಚಿನ ಹರ್ಕ್ಯುಲಿಸ್, ರಾಲೇ, ಅಟ್ಲಾಸ್. ಆ ಮೂರು ನಿಯಮಗಳಲ್ಲಿ ಒಂದೂ ಇವಕ್ಕೆ ತಾಗುವುದಿಲ್ಲ.

ಇಲ್ಲಿ ಸವಾರಿ ನಡೆಸುವ ನಾವು ವರ್ಷದ ಗಡಿಯನ್ನೂ ಕೈಬಿಟ್ಟೆವು. ಈ ಮಾದರಿಯ ಸೈಕಲ್ ದಶಕಗಟ್ಟಲೆ ಒಂದೇ ರೂಪದಲ್ಲಿ ತಯಾರಾಗಿದೆ, ನೋಡಿ ವಯಸ್ಸು ಹೇಳಲು ಬರುವುದಿಲ್ಲ. ಸ್ಟರ್ಮಿ-ಆರ್ಚರ್ ಕಂಪೆನಿಯ ಮೂರು ಗೇರಿನ ಹಬ್ಬಿನ (ಚಕ್ರದ ನಡುಭಾಗದ) ಮೇಲೆ ವರ್ಷದ ಎರಡಂಕಿ ಅಚ್ಚಾಗಿರುತ್ತದೆ, ಆದರೆ ಅದು ಹಬ್ಬಿನ ವಯಸ್ಸು, ಫ್ರೇಮಿನದ್ದಲ್ಲ. ಆದ್ದರಿಂದ ನಿಯಮವನ್ನು ಹೀಗೆ ಇಟ್ಟೆವು: ಫ್ರೇಮು, ಹ್ಯಾಂಡಲು, ರಾಡ್ ಬ್ರೇಕು, ಕಾಟರ್ ಪಿನ್ನಿನ (ಅಚ್ಚಿಗೆ ಬಿಗಿಯುವ ಬೆಣೆಯ) ಕ್ರ್ಯಾಂಕು ಎಂದರೆ ಪೆಡಲಿನ ಕೋಲು, ಉಕ್ಕಿನ ರಿಮ್ಮು ಹಳೆ ಮಾದರಿಯವೇ ಆಗಿರಬೇಕು. ಸವೆಯುವ ವಸ್ತು ಯಾವುದೂ ಹಳತಾಗಿರಬಾರದು. ಟಯರು, ಟ್ಯೂಬು, ಬ್ರೇಕ್ ರಬ್ಬರು, ಚೈನು, ಬೇರಿಂಗಿನ ಗುಂಡು, ಪಿನ್ನು ಇವೆಲ್ಲ ಹೊಸದಾಗಿದ್ದರೆ ಸೈಕಲ್ಲಿನ ಹಳೆತನಕ್ಕೆ ಒಂದಿಷ್ಟೂ ಕುಂದಿಲ್ಲ. ಬಿರುಕು ಬಿಟ್ಟ ‘ಮೂಲ’ ಟಯರಿನಲ್ಲಿ ಇಳಿಜಾರಿಗೆ ಇಳಿಯುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಟಯರ್ ಕೊಳ್ಳುವಾಗ ರಿಮ್ಮಿಗೆ ಕೂರುವ ಅಂಚಿನ ವ್ಯಾಸ ನೋಡಿ. ನಮ್ಮ 28 x 1½ ಎಂದರೆ 635 ಮಿ.ಮೀ. ‘28’ ಎಂದೇ ಬರೆದಿರುವ 700ಸಿ ಟಯರು 622 ಮಿ.ಮೀ., ಈ ರಿಮ್ಮಿಗೆ ಹತ್ತುವುದಿಲ್ಲ. ಹಳೆ ವಾಲ್ವಿನ ಟ್ಯೂಬಾದರೆ ವಾಲ್ವ್ ಟ್ಯೂಬ್ (ವಾಲ್ವಿನೊಳಗಿನ ಸಣ್ಣ ರಬ್ಬರ್ ಕೊಳವೆ) ಪ್ರತಿ ಸಲವೂ ಹೊಸದು ಹಾಕಿ. ಬಿಸಿಲಿಗೆ ಅದು ಅಂಟಂಟಾಗಿ ಹರಿಯುತ್ತದೆ, ಪಂಕ್ಚರ್ ಆಗದೆಯೇ ಗಾಳಿ ಹೋಗುತ್ತದೆ.

ಹೆಚ್ಚು ಹೊತ್ತು ಕೊಡಬೇಕಾದದ್ದು ಬ್ರೇಕಿಗೆ. ರಾಡ್ ಬ್ರೇಕಿನ ರಬ್ಬರು ರಿಮ್ಮಿನ ಪಕ್ಕಕ್ಕೆ ಒತ್ತುವುದಿಲ್ಲ, ಹಬ್ಬಿನ ಕಡೆಯ ಒಳಮೈಗೆ ಒತ್ತುತ್ತದೆ. ಹಾಗಾಗಿ ಚಕ್ರ ಪಕ್ಕಕ್ಕೆ ಸ್ವಲ್ಪ ವಾಲಿದರೂ ನಡೆದೀತು, ಮೇಲೆ ಕೆಳಗೆ ಉಬ್ಬುತಗ್ಗು ಇದ್ದರೆ ಬ್ರೇಕು ಒಂದು ಸುತ್ತಿನಲ್ಲಿ ಹಿಡಿದು ಬಿಟ್ಟು ಮಾಡುತ್ತದೆ. ಕಡ್ಡಿ ಬಿಗಿ ಮಾಡಿಸುವಾಗ ಅಂಗಡಿಯವರಿಗೆ ಇದನ್ನು ಹೇಳಲೇಬೇಕು. ರಬ್ಬರಿಗೂ ರಿಮ್ಮಿಗೂ 3 ಮಿ.ಮೀ. ಸಂದಿ ಸಾಕು. ಎರಡು ರಬ್ಬರೂ ಕಡ್ಡಿಗಳಿಂದ ಸಮದೂರದಲ್ಲಿರಲಿ, ಫೋರ್ಕಿನ ಮೇಲಿನ ಗೈಡು ಸಡಿಲವಾಗಿ ಒಂದು ಪಕ್ಕಕ್ಕೆ ಸರಿದರೆ ರಬ್ಬರು ಕಡ್ಡಿಗೆ ಸಿಕ್ಕಿ ಚಕ್ರವೇ ನಿಂತುಬಿಡುತ್ತದೆ. ಚೈನು ಬಿಗಿ ಮಾಡಲು ಹಿಂದಿನ ಚಕ್ರ ಸರಿಸಿದಾಗಲೆಲ್ಲ ಹಿಂದಿನ ಬ್ರೇಕಿನ ಸಂದಿಯೂ ಬದಲಾಗುತ್ತದೆ, ಅದನ್ನು ಮತ್ತೆ ಹೊಂದಿಸಬೇಕು. ಪರೀಕ್ಷೆ ಸುಲಭ: ಸೈಕಲ್ಲನ್ನು ನಡಿಗೆಯ ವೇಗದಲ್ಲಿ ನೂಕಿ ಮುಂದಿನ ಬ್ರೇಕು ಹಿಡಿದರೆ ಹಿಂದಿನ ಚಕ್ರ ಹಗುರಾಗಬೇಕು, ಹಿಂದಿನದ್ದು ಹಿಡಿದರೆ ಚಕ್ರ ತಿರುಗದೆ ಜಾರಬೇಕು.

ಕ್ರೋಮ್ ಹಚ್ಚಿದ ಉಕ್ಕಿನ ರಿಮ್ಮು ನೆನೆದರೆ ಎಂಥ ಹೊಸ ರಬ್ಬರಾದರೂ ತಡವಾಗಿಯೇ ಹಿಡಿಯುವುದು. ನಮ್ಮ ಕಡೆಯ ಮಳೆಗಾಲದಲ್ಲಿ ಇದಕ್ಕೆ ಪರಿಹಾರವಿಲ್ಲ. ಸವಾರಿಯನ್ನು ಡಿಸೆಂಬರ್, ಜನವರಿಗೆ ಇಟ್ಟುಕೊಂಡೆವು, ಅಕಾಲ ಮಳೆ ಬಂದರೆ ಗುರುತು ಹಾಕಿದ ಇಳಿಜಾರುಗಳಲ್ಲಿ ಇಳಿದು ನಡೆಯುವುದು ಕಡ್ಡಾಯ.

ಕಾಟರ್ ಪಿನ್ನು 9.5 ಮಿ.ಮೀ.ನದ್ದು, ಚಪ್ಪಟೆ ಮುಖವನ್ನು ಅರದಿಂದ ಉಜ್ಜಿ ಕೂರಿಸಬೇಕು. ಎರಡು ಪಿನ್ನೂ ಎದುರುಬದುರು ದಿಕ್ಕಿನಿಂದ ಬರಬೇಕು, ಇಲ್ಲವಾದರೆ ಎರಡು ಕ್ರ್ಯಾಂಕು ಒಂದೇ ನೇರದಲ್ಲಿ ನಿಲ್ಲುವುದಿಲ್ಲ. ಸುತ್ತಿಗೆಯ ಏಟು ಹಾಕುವ ಮೊದಲು ಕ್ರ್ಯಾಂಕಿನ ಅಡಿಗೆ ಗಟ್ಟಿ ಕಬ್ಬಿಣದ ಪೈಪು ಕೊಡಿ, ಆ ಏಟು ಒಳಗಿನ ಗುಂಡುಗಳಿಗೆ ಬೀಳಬಾರದು. ನಟ್ಟು ಪಿನ್ನನ್ನು ಎಳೆಯಲು ಅಲ್ಲ, ಕೂತ ಪಿನ್ನು ಜಾರದಂತೆ ತಡೆಯಲು. ನಟ್ಟನ್ನೇ ತಿರುಗಿಸಿ ಎಳೆದರೆ ಮರೆ (ತಿರುಪಿನ ಎಳೆ) ಕಿತ್ತುಹೋಗುತ್ತದೆ. 20–30 ಕಿ.ಮೀ. ಓಡಿಸಿದ ಮೇಲೆ ಮತ್ತೆ ಏಟು ಕೊಟ್ಟು ಬಿಗಿ ಮಾಡಿ. ಪ್ರತಿ ಸುತ್ತಿಗೂ ಕಾಲಿಗೆ ‘ಟಕ್’ ಎಂದು ತಾಗಿದರೆ ಪಿನ್ನು ಸಡಿಲವಾಗಿದೆ ಎಂದೇ ಅರ್ಥ. ಹಾಗೇ ತುಳಿದರೆ ಮೆತ್ತನೆಯ ಪಿನ್ನು ಸವೆದು ಕ್ರ್ಯಾಂಕಿನ ತೂತೂ ಹಾಳಾಗುತ್ತದೆ.

ಏರಿಗೆ ಒಂದು ರಿಯಾಯಿತಿ ಕೊಟ್ಟಿದ್ದೇವೆ. ಪೆಡಲಿನ ಬಳಿಯ 44 ಹಲ್ಲಿನ ಚೈನ್ ಚಕ್ರಕ್ಕೆ ಸಾಮಾನ್ಯವಾಗಿ ಬರುವ 18 ಹಲ್ಲಿನ ಫ್ರೀವೀಲಿನ ಬದಲು 20 ಅಥವಾ 22 ಹಾಕಬಹುದು. 22 ಆದರೆ ಪೆಡಲಿನ ಒಂದು ಸುತ್ತಿಗೆ ಹಿಂದಿನ ಚಕ್ರ ಸರಿಯಾಗಿ ಎರಡು ಸುತ್ತು. ಮುರಕಲ್ಲಿನ ಗುಡ್ಡೆ ಹತ್ತಲು ಇದು ಬೇಕೇ ಬೇಕು. ಚೈನು ½ x 1/8 ಇಂಚಿನದ್ದು. 24 ಕೊಂಡಿ 12 ಇಂಚು ಇರಬೇಕು, 12 1/8 ಆಗಿದ್ದರೆ ಬದಲಿಸಿ. ಚೈನಿಗೆ ತೆಂಗಿನೆಣ್ಣೆ ಬೇಡ, ಡಿಸೆಂಬರಿನ ತಂಪು ಬೆಳಗಿಗೆ ಅದು ಹೆಪ್ಪುಗಟ್ಟುತ್ತದೆ.

ಮೂರು ಗೇರಿನ ಹಬ್ಬಿದ್ದರೆ ಎರಡನೇ ಗೇರಿನಲ್ಲಿಟ್ಟು ಹಿಂದಿನ ಚಕ್ರದ ನಟ್ಟಿನ ತೂತಿನಲ್ಲಿ ಇಣುಕಿ ನೋಡಿ: ಒಳಗಿನ, ಗೇರ್ ಬದಲಿಸುವ ಕಡ್ಡಿಯ ಭುಜ (ದಪ್ಪ ಭಾಗದ ಅಂಚು) ಆಕ್ಸಲ್ ತುದಿಗೆ ಸಮವಾಗಿರಬೇಕು. ಹೊಂದಿಕೆ ತಪ್ಪಿದರೆ ಎರಡು ಮತ್ತು ಮೂರನೇ ಗೇರಿನ ನಡುವೆ ಪೆಡಲು ಬರಿದೇ ತಿರುಗಿಬಿಡುತ್ತದೆ, ನಿಂತು ತುಳಿಯುತ್ತಿದ್ದವರು ಬೀಳುತ್ತಾರೆ.

ಡೈನಮೊ ಇರಲಿ, ಆದರೆ ಹಿಂದೆ ಬ್ಯಾಟರಿಯ ಕೆಂಪು ದೀಪವೂ ಬೇಕು. ಸೈಕಲ್ ನಿಂತ ಕೂಡಲೇ ಡೈನಮೊ ದೀಪ ಆರುತ್ತದೆ. ಉಡುಪಿಗೆ ನಿಯಮವಿಲ್ಲ, ಮುಂಡು ಉಟ್ಟವರು ಎತ್ತಿ ಕಟ್ಟಿಕೊಳ್ಳಬೇಕು, ಚೈನ್ ಕವರು ಇರಲೇಬೇಕು. ಹೆಲ್ಮೆಟ್ಟು ಹೊಸದೇ ಆಗಲಿ.

ಪರಿಶೀಲನೆಯನ್ನು ಶನಿವಾರ ಸಂಜೆಯೇ ಮುಗಿಸುತ್ತೇವೆ. ಭಾನುವಾರ ಬೆಳಿಗ್ಗೆ ಸಡಿಲ ಪಿನ್ನು ಕಂಡರೂ ಹೊಸದು ಕೊಡುವ ಸೈಕಲ್ ಅಂಗಡಿ ತೆರೆದಿರುವುದಿಲ್ಲ.