ಕೋವಿಯ ಮದ್ದಿನ ಮೇಲೆ ಕಡಜದ ಗೂಡು: ನನ್ನ ಅನುಭವ

ಮದ್ದು, ಗುಂಡು ಎರಡನ್ನೂ ನಳಿಗೆಯ ಬಾಯಿಯಿಂದಲೇ ತುಂಬುವ ಮಜಲ್ ಲೋಡರ್ ಕೋವಿಯಲ್ಲಿ ಮದ್ದಿನ ಮೇಲೆ ಏನನ್ನು ತುರುಕಬೇಕು ಎಂದು ಕೇಳಿದರೆ ಪ್ರತಿಯೊಬ್ಬ ಹವ್ಯಾಸಿಯೂ ತನ್ನದೇ ಉತ್ತರ ಕೊಡುತ್ತಾನೆ. ಅಗಸೆ ನಾರು, ಉಣ್ಣೆಯ ಫೆಲ್ಟ್ ಬಿಲ್ಲೆ, ರಟ್ಟು, ಒಣ ಪಾಚಿ ಹೀಗೆ ಪಟ್ಟಿ ಉದ್ದವಾಗುತ್ತದೆ. ಇವುಗಳಲ್ಲಿ ಹಲವನ್ನು ಬಳಸಿ ನೋಡಿದ ಮೇಲೆ ನನ್ನ ಮನಸ್ಸು ನಿಂತದ್ದು ಕಡಜದ ಗೂಡಿನ ಹೊರಪದರದ ಮೇಲೆ. ಉತ್ತರ ಅಮೆರಿಕದ ಮಜಲ್ ಲೋಡರ್ ಹವ್ಯಾಸಿಗಳ ನಡುವೆ ಇದು ಬಹಳ ಪರಿಚಿತವಾದ ಪದ್ಧತಿ. ಆದರೆ ಗೂಡು ತಂದು ಹರಿದು ತುರುಕಿದರೆ ಸಾಕು ಎಂಬಷ್ಟು ಸುಲಭದ ಕೆಲಸವಲ್ಲ. ವ್ಯಾಡ್, ಅಂದರೆ ಮದ್ದಿನ ಮೇಲೆ ತುರುಕುವ ಈ ಪದರ, ಸರಿಯಾಗಿ ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ಗೂಡನ್ನು ಆರಿಸುವಾಗಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಆದ್ದರಿಂದ ಗುಂಡು ಹಾರಿಸುವುದಕ್ಕಿಂತ ಗೂಡು ಆಯುವುದರ ಬಗ್ಗೆಯೇ ಇಲ್ಲಿ ಹೆಚ್ಚು ಬರೆದಿದ್ದೇನೆ.

ಮೊದಲು ವ್ಯಾಡಿನ ಕೆಲಸ ಏನೆಂದು ಹೇಳುತ್ತೇನೆ. ನಳಿಗೆಯ ಒಳಗೆ ಸುರುಳಿ ಗೀರುಗಳಿರುವ ಕೋವಿಯಲ್ಲಿ ಸೀಸದ ಗುಂಡನ್ನು ಎಣ್ಣೆ ಅಥವಾ ಕೊಬ್ಬು ಸವರಿದ ಪ್ಯಾಚ್ ಬಟ್ಟೆಯಲ್ಲಿ ಸುತ್ತಿ ಕೆಳಗೆ ತಳ್ಳುತ್ತೇವೆ. ಮದ್ದು ಹೊತ್ತಿಕೊಂಡಾಗ ಬಿಸಿ ಅನಿಲ ನೇರವಾಗಿ ಆ ಬಟ್ಟೆಗೆ ಬಡಿಯುತ್ತದೆ. ಬಟ್ಟೆ ಸುಟ್ಟು ತೂತಾದರೆ ಅನಿಲ ಗುಂಡಿನ ಪಕ್ಕದಿಂದ ನುಗ್ಗುತ್ತದೆ, ಗುಂಡು ಸುರುಳಿಯ ಹಿಡಿತ ಕಳೆದುಕೊಳ್ಳುತ್ತದೆ, ಗುರಿ ಚದುರುತ್ತದೆ. ನಡುವೆ ಒಂದು ಪದರ ಕೂತರೆ ಆ ಬಿಸಿಯನ್ನು ಅದು ತಾನು ತಡೆದುಕೊಂಡು ಬಟ್ಟೆಯನ್ನು ಉಳಿಸುತ್ತದೆ. ಇನ್ನೊಂದು ಉಪಯೋಗವೂ ಇದೆ. ತುಂಬಿದ ಕೋವಿ ಬಹಳ ಹೊತ್ತು ಹಾಗೆಯೇ ಇದ್ದರೆ ಪ್ಯಾಚಿನ ಜಿಡ್ಡು ಮದ್ದಿಗೆ ಇಳಿಯುತ್ತದೆ. ಜಿಡ್ಡು ಹಿಡಿದ ಮದ್ದು ನಿಧಾನವಾಗಿ ಹೊತ್ತಿಕೊಳ್ಳುತ್ತದೆ. ಒಣ ಗೂಡಿನ ಪದರ ಆ ಜಿಡ್ಡನ್ನು ಹೀರಿ ಮದ್ದನ್ನು ಕಾಪಾಡುತ್ತದೆ.

ಹಳೆಯ ಪತ್ರಿಕೆಯ ಚೂರು ಸಾಕಾಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಎರಡೂ ಮರದ ನಾರಿನಿಂದಲೇ ಆದವು ಎಂಬುದು ನಿಜ. ಕಾಗದವನ್ನು ಚಿಂದಿ ಬಟ್ಟೆಯಿಂದ ಮಾಡುತ್ತಿದ್ದ ಕಾಲದಲ್ಲಿ, 1719ರಲ್ಲಿ, ಫ್ರೆಂಚ್ ವಿಜ್ಞಾನಿ ರೆಯೊಮ್ಯೂರ್ ಕಡಜಗಳ ಗೂಡನ್ನು ಗಮನಿಸಿ, ಮರದ ನಾರಿನಿಂದಲೂ ಕಾಗದ ಮಾಡಬಹುದು ಎಂದು ಸೂಚಿಸಿದ್ದರು. ಆದರೆ ಬೆಂಕಿಯ ಎದುರು ಎರಡರ ನಡತೆ ಬೇರೆ ಬೇರೆ. ಪತ್ರಿಕೆಯ ಚೂರು ಜ್ವಾಲೆ ಎತ್ತಿ ಉರಿಯುತ್ತಾ ನಳಿಗೆಯಿಂದ ಹಾರಿ ಹುಲ್ಲಿಗೆ ಬೀಳುತ್ತದೆ. ಒಳ್ಳೆಯ ಗೂಡಿನ ಹಾಳೆ ಅಂಚಿನಲ್ಲಿ ಕಪ್ಪಾಗಿ, ಪುಡಿಯಾಗಿ ಚದುರುತ್ತದೆ. ಗೂಡಿಗೆ ಬೆಂಕಿ ಹತ್ತುವುದೇ ಇಲ್ಲ ಎಂದು ಹೇಳುವವರಿದ್ದಾರೆ. ಆ ಮಾತನ್ನು ನಂಬಬೇಡಿ. ಹತ್ತುತ್ತದೆ, ಆದರೆ ನಿಧಾನವಾಗಿ.

ಎಲ್ಲ ಗೂಡುಗಳೂ ಒಂದೇ ಅಲ್ಲ. ಮಣ್ಣಿನಿಂದ ಗೂಡು ಕಟ್ಟುವ ಕಡಜಗಳ ವಿಷಯ ಇಲ್ಲಿ ಬರುವುದೇ ಇಲ್ಲ. ಸೂರಿನ ಕೆಳಗೆ ಒಂದೇ ಕಾಂಡದಿಂದ ತೂಗುವ, ಕೋಶಗಳು ತೆರೆದು ಕಾಣುವ ಸಣ್ಣ ಗೂಡುಗಳಲ್ಲಿ ಹೊರಪದರವೇ ಇರುವುದಿಲ್ಲ. ಕೆಲವರು ಆ ಕೋಶಗಳನ್ನೇ ಪುಡಿಮಾಡಿ ಬಳಸುತ್ತಾರೆ. ನನಗೆ ಅದು ಒಪ್ಪಿಗೆಯಾಗಿಲ್ಲ. ಕೋಶದ ಒಳಗೆ ಮರಿಹುಳು ನೇಯ್ದ ರೇಷ್ಮೆಯ ಒಳಗವಸು, ತಳದಲ್ಲಿ ಒಣಗಿ ಗಟ್ಟಿಯಾದ ಕಪ್ಪು ಮಲ ಎರಡೂ ಇರುತ್ತವೆ. ನಳಿಗೆಯೊಳಗೆ ಅದು ಸಮನಾಗಿ ಹರಡಿಕೊಳ್ಳುವುದಿಲ್ಲ.

ನಾನು ಹುಡುಕುವುದು ಕೊಂಬೆಗೆ ಜೋತುಬಿದ್ದ, ಸುತ್ತಲೂ ಹಲವು ಪದರಗಳ ಹೊದಿಕೆ ಇರುವ, ಕೆಳಭಾಗದಲ್ಲಿ ಒಂದೇ ಬಾಗಿಲಿರುವ ಬೂದು ಬಣ್ಣದ ದೊಡ್ಡ ಗೂಡು. ಉತ್ತರ ಅಮೆರಿಕದ ಬಿಳಿಮುಖದ ಕಪ್ಪು ಕಡಜ ಇಂಥ ಗೂಡಿಗೆ ಹೆಸರಾದದ್ದು. ಬಣ್ಣವನ್ನು ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ಬಿಸಿಲು ಮಳೆಗೆ ಬಿಳಿಚಿದ ಬೇಲಿ ಗೂಟ, ಒಣಗಿ ನಿಂತ ಮರ ಇವುಗಳಿಂದ ಕಡಜ ನಾರು ಕೆರೆದು ತಂದರೆ ಹಾಳೆ ಬೂದಾಗಿ, ಉದ್ದನೆಯ ನಾರಿನಿಂದ ಬಿಗಿಯಾಗಿ ಬರುತ್ತದೆ. ಕೊಳೆತ ಮರದಿಂದ ತಂದರೆ ಕಂದಾಗಿ, ಬೆರಳು ತಾಗಿದರೆ ಉದುರುವಂತೆ ಆಗುತ್ತದೆ. ಯುರೋಪಿನ ದೊಡ್ಡ ಕಡಜದ ಗೂಡು ಈ ಕಂದು ಜಾತಿಗೆ ಸೇರಿದ್ದು. ಅದು ವ್ಯಾಡಿಗೆ ಬಾರದು. ಮೇಲಾಗಿ ಜರ್ಮನಿಯಲ್ಲಿ ಆ ಕಡಜಕ್ಕೆ ಕಾನೂನಿನ ರಕ್ಷಣೆಯೂ ಇದೆ, ಹಾಗಾಗಿ ಯಾವ ಗೂಡನ್ನೇ ಮುಟ್ಟುವ ಮೊದಲು ನೀವಿರುವ ಕಡೆಯ ನಿಯಮ ತಿಳಿದುಕೊಳ್ಳಿ. ಗೂಡಿನ ಮೇಲ್ಮೈಯನ್ನು ಹತ್ತಿರದಿಂದ ನೋಡಿದರೆ ಬೂದು, ಬಿಳಿ, ತಿಳಿಗಂದು ಬಣ್ಣದ ಕಿರಿದಾದ ಬಿಲ್ಲುಗೆರೆಗಳು ಕಾಣುತ್ತವೆ. ಒಂದೊಂದು ಗೆರೆಯೂ ಒಂದು ಕಡಜ ಬಾಯಲ್ಲಿ ಅಗಿದು, ಜೊಲ್ಲು ಬೆರೆಸಿ ತಂದ ಒಂದು ತುತ್ತು ನಾರು. ಆ ಗೆರೆಗಳನ್ನು ನೋಡುತ್ತಾ ಕುಳಿತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಇನ್ನು ಕಾಲದ ವಿಷಯ. ಜೀವಂತ ಗೂಡಿಗೆ ನಾನು ಕೈ ಹಾಕುವುದಿಲ್ಲ. ಕಡಜಗಳನ್ನು ಕೊಂದು ಗೂಡು ತರುವುದು ಸರಿಯಲ್ಲ, ಅಗತ್ಯವೂ ಇಲ್ಲ. ತೋಟದ ಕಂಬಳಿಹುಳು, ನೊಣಗಳನ್ನು ಹಿಡಿದು ಮರಿಗಳಿಗೆ ಉಣಿಸುವ ಜೀವಿಗಳು ಅವು. ಚಳಿ ಚೆನ್ನಾಗಿ ಬೀಳುವ ಪ್ರದೇಶಗಳಲ್ಲಿ ಕೆಲಸಗಾರ ಕಡಜಗಳು, ಗಂಡು ಕಡಜಗಳು, ಹಳೆಯ ರಾಣಿ ಎಲ್ಲವೂ ಚಳಿಗಾಲದ ಹೊತ್ತಿಗೆ ಸಾಯುತ್ತವೆ. ಗರ್ಭ ಧರಿಸಿದ ಹೊಸ ರಾಣಿಗಳು ಮಾತ್ರ ಗೂಡು ಬಿಟ್ಟು ಬೇರೆಲ್ಲೋ ಅಡಗಿ ಚಳಿಗಾಲ ಕಳೆಯುತ್ತವೆ. ಮುಂದಿನ ವರ್ಷ ಅವು ಹೊಸ ಗೂಡನ್ನೇ ಕಟ್ಟುತ್ತವೆ, ಹಳೆಯದಕ್ಕೆ ಮರಳುವುದಿಲ್ಲ. ಎಲೆ ಉದುರಿದ ಮೇಲೆ ಬೋಳು ಕೊಂಬೆಗಳ ನಡುವೆ ಗೂಡು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಬೇಸಿಗೆಯಲ್ಲಿ ಕಡಜಗಳು ಎತ್ತ ಹಾರುತ್ತವೆ ಎಂದು ದೂರದಿಂದ ಗುರುತಿಟ್ಟುಕೊಂಡಿದ್ದರೆ ಇನ್ನೂ ಸುಲಭ. ಬಿಸಿ ಪ್ರದೇಶಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಕೆಲವು ಗೂಡುಗಳು ವರ್ಷ ದಾಟಿಯೂ ಜೀವಂತವಾಗಿರಬಹುದು. ಖಾಲಿ ಎಂದು ಕಣ್ಣಾರೆ ಖಾತ್ರಿಯಾಗದ ಗೂಡನ್ನು ಬಿಟ್ಟುಬಿಡಬೇಕು.

ಖಾತ್ರಿ ಮಾಡಿಕೊಳ್ಳಲು ನಾನು ಅನುಸರಿಸುವ ಕ್ರಮ ಹೀಗಿದೆ. ಹಿಮ ಬಿದ್ದು ಹಲವು ವಾರ ಕಳೆದ ಮೇಲೂ, ಸ್ವಲ್ಪ ಬಿಸಿಲಿರುವ ಮಧ್ಯಾಹ್ನ ನೋಡಿ ದೂರದಲ್ಲಿ ನಿಂತು ಬಾಗಿಲನ್ನು ಗಮನಿಸುತ್ತೇನೆ. ಬೆಚ್ಚಗಿರುವ ಹೊತ್ತಿನಲ್ಲೂ ಓಡಾಟ ಕಾಣದಿದ್ದರೆ ಉದ್ದನೆಯ ಕೋಲಿನಿಂದ ಕೊಂಬೆಯನ್ನು ಮೆಲ್ಲಗೆ ತಟ್ಟಿ ಹಿಂದೆ ಸರಿಯುತ್ತೇನೆ. ಜೇನ್ನೊಣದ ಮುಳ್ಳು ಚರ್ಮದಲ್ಲಿ ಸಿಕ್ಕಿಕೊಳ್ಳುತ್ತದೆ. ಕಡಜದ್ದು ಹಾಗಲ್ಲ, ಒಂದೇ ಕಡಜ ಮತ್ತೆ ಮತ್ತೆ ಚುಚ್ಚಬಲ್ಲದು. ಚುಚ್ಚಿದಾಗ ಹೊರಬೀಳುವ ವಾಸನೆ ಉಳಿದವನ್ನೂ ಕೆರಳಿಸುತ್ತದೆ. ಕಡಜದ ವಿಷಕ್ಕೆ ಅಲರ್ಜಿ ಇರುವವರು ಸತ್ತ ಗೂಡಿನ ಹತ್ತಿರವೂ ಒಬ್ಬರೇ ಹೋಗಬಾರದು.

ಗೂಡನ್ನು ಇಳಿಸುವಾಗ ಗೂಡಿನ ಮೈಯನ್ನು ಹಿಡಿಯುವುದಿಲ್ಲ. ದೊಡ್ಡ ಬಟ್ಟೆಯ ಚೀಲವನ್ನು ಕೆಳಗಿನಿಂದ ಏರಿಸಿ, ಬಾಯಿ ಕಟ್ಟಿ, ಆಧಾರ ಕೊಂಬೆಯನ್ನು ಸಮೇತ ಕತ್ತರಿಸುತ್ತೇನೆ. ಹಾಳೆ ಒದ್ದೆಯಾಗಿದ್ದರೆ ಚೂರುಚೂರಾಗುತ್ತದೆ, ಆದ್ದರಿಂದ ಒಣ ಗಾಳಿ ಬೀಸಿದ ದಿನವನ್ನೇ ಆರಿಸಿಕೊಳ್ಳುತ್ತೇನೆ. ಹಕ್ಕಿಗಳು ಕುಕ್ಕಿ ಹರಿದ ಗೂಡಿನ ಹೊರಪದರ ಹಾಳಾಗಿದ್ದರೂ ಒಳಪದರಗಳು ಚೆನ್ನಾಗಿರುತ್ತವೆ. ನನ್ನ ಅನುಭವದಲ್ಲಿ ಒಳಪದರಗಳೇ ಹೆಚ್ಚು ಸ್ವಚ್ಛ. ಕೀಟನಾಶಕ ಸಿಂಪಡಿಸಿ ಕೊಂದ ಗೂಡನ್ನು ಯಾರಾದರೂ ಉಚಿತವಾಗಿ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಆ ವಿಷ ಕೈಗೂ ಉಸಿರಿಗೂ ಸೇರುತ್ತದೆ.

ಮನೆಗೆ ತಂದ ಗೂಡಿನಲ್ಲಿ ಜೇಡ, ಪತಂಗದ ಮರಿ, ಚಿಕ್ಕ ದುಂಬಿಗಳು ತಂಗಿರುವುದು ಸಾಮಾನ್ಯ. ಚೀಲವನ್ನು ಬಿಗಿಯಾಗಿ ಕಟ್ಟಿ ಕೆಲವು ದಿನ ಫ್ರೀಜರಿನಲ್ಲಿಟ್ಟರೆ ಅವುಗಳ ಕಾಟ ಮುಗಿಯುತ್ತದೆ. ಬಳಿಕ ನೆರಳಿನಲ್ಲಿ ಒಣಗಿಸಿ, ಬಯಲಿನಲ್ಲಿ ಕುಳಿತು, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಬಿಡಿಸುತ್ತೇನೆ. ಹೊದಿಕೆಯನ್ನು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಸುಲಿದು, ಕೋಶಗಳ ತಟ್ಟೆಗಳನ್ನು ಪಕ್ಕಕ್ಕಿಡುತ್ತೇನೆ. ಪ್ರತಿ ಗೂಡಿನಿಂದಲೂ ಒಂದು ಚೂರನ್ನು ಕಲ್ಲಿನ ಮೇಲಿಟ್ಟು ಕಡ್ಡಿ ಗೀರಿ ತಾಗಿಸುತ್ತೇನೆ. ಕಡ್ಡಿ ತೆಗೆದ ಕೂಡಲೇ ಆರಿಹೋದರೆ ಆ ಗೂಡು ಚೀಲಕ್ಕೆ ಹೋಗುತ್ತದೆ. ಕೆಂಡ ಅಂಚಿನಲ್ಲಿ ತೆವಳುತ್ತಲೇ ಇದ್ದರೆ ಆ ಗೂಡನ್ನು ಕೋವಿಗೆ ಬಳಸುವುದಿಲ್ಲ. ಸಂಗ್ರಹಿಸಲು ಬಟ್ಟೆಯ ಚೀಲ ಅಥವಾ ರಟ್ಟಿನ ಪೆಟ್ಟಿಗೆ ಒಳ್ಳೆಯದು. ಪ್ಲಾಸ್ಟಿಕ್‌ನಲ್ಲಿ ತೇವ ಕೂಡುತ್ತದೆ. ಹುಳು ಬಾರದಿರಲೆಂದು ನುಸಿಗುಳಿಗೆ ಹಾಕಬೇಡಿ, ಅದು ಚೆನ್ನಾಗಿ ಉರಿಯುವ ವಸ್ತು.

ಇನ್ನು ಕೋವಿಗೆ ತುಂಬುವುದು. ನಾನು ಬಳಸುವುದು ಕರಿಮದ್ದು ಮಾತ್ರ. ಹೊಗೆರಹಿತ ಮದ್ದನ್ನು ಆ ಮದ್ದಿಗಾಗಿಯೇ ತಯಾರಾಗದ ಮಜಲ್ ಲೋಡರಿಗೆ ಹಾಕಿದರೆ ನಳಿಗೆ ಸಿಡಿಯಬಹುದು. ಕೋವಿ ತಯಾರಿಸಿದವರು ಸೂಚಿಸಿದ ಮಿತಿಯೊಳಗೆ ಅಳತೆ ಬಟ್ಟಲಿನಿಂದ ಮದ್ದು ಸುರಿದು, ನಳಿಗೆಯನ್ನು ತಟ್ಟಿ, ಗೂಡಿನ ಹಾಳೆಯನ್ನು ಸಡಿಲವಾಗಿ ಮುದುಡಿ, ಗಜದ ಕೋಲಿನಿಂದ ಮದ್ದಿನ ಮೇಲೆ ಕೂರಿಸುತ್ತೇನೆ. ಬಿಗಿಯಾಗಿ ಉಂಡೆ ಕಟ್ಟಿದರೆ ಅಂಚುಗಳಲ್ಲಿ ಜಾಗ ಬಿಟ್ಟು ನಡುವೆ ಮಾತ್ರ ಕೂರುತ್ತದೆ. ಸಡಿಲವಾಗಿದ್ದರೆ ಒತ್ತಿದಾಗ ನಳಿಗೆಯ ಗೋಡೆಯವರೆಗೂ ಹರಡುತ್ತದೆ. ಒತ್ತಿದ ಮೇಲೆ ಸುಮಾರು ಗುಂಡಿನ ಅರ್ಧ ವ್ಯಾಸದಷ್ಟು ದಪ್ಪ ಉಳಿಯುವಂತೆ ನೋಡಿಕೊಳ್ಳುತ್ತೇನೆ. ಆಮೇಲೆ ಪ್ಯಾಚ್ ಸುತ್ತಿದ ಗುಂಡು.

ಗಜದ ಕೋಲಿನ ಗುರುತಿನ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಗುಂಡು ಪೂರ್ತಿ ಕೆಳಗೆ ಕೂತಿದೆ ಎಂದು ತಿಳಿಯಲು ಕೋಲಿನ ಮೇಲೆ ಗೆರೆ ಹಾಕಿಕೊಂಡಿರುತ್ತೇವೆ. ವ್ಯಾಡ್ ಸೇರಿದ ಮೇಲೆ ಆ ಗೆರೆ ಮೇಲಕ್ಕೆ ಹೋಗುತ್ತದೆ. ಹಳೆಯ ಗೆರೆಯನ್ನೇ ನಂಬಿದರೆ ಯಾವುದು ವ್ಯಾಡಿನ ದಪ್ಪ, ಯಾವುದು ನಡುವೆ ಉಳಿದ ಖಾಲಿ ಜಾಗ ಎಂದು ಗೊತ್ತಾಗುವುದಿಲ್ಲ. ಮದ್ದು ಮತ್ತು ಗುಂಡಿನ ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ವ್ಯಾಡ್ ಸಮೇತ ತುಂಬುವುದಕ್ಕೆ ನನ್ನ ಕೋಲಿನಲ್ಲಿ ಬೇರೆಯೇ ಗೆರೆ ಇದೆ. ವ್ಯಾಡಿನ ದಪ್ಪ ಪ್ರತಿ ಸಲವೂ ಒಂದೇ ಆಗಿರಬೇಕು ಎಂಬ ಶಿಸ್ತನ್ನೂ ಆ ಗೆರೆಯೇ ಕಲಿಸುತ್ತದೆ.

ಫಲ ಹೇಗಿದೆ ಎಂದು ಗುರಿಹಲಗೆಗಿಂತ ಮೊದಲು ಹೇಳುವುದು ನೆಲದ ಮೇಲೆ ಬಿದ್ದ ಪ್ಯಾಚುಗಳು. ಗುಂಡು ಹಾರಿಸುವುದು ನಿಂತ ಮೇಲೆ ಕೋವಿಯ ಮುಂದೆ ಕೆಲವು ಮೀಟರ್ ದೂರದಲ್ಲಿ ಅವು ಸಿಗುತ್ತವೆ, ಒಂದೊಂದನ್ನೂ ಆಯ್ದು ಬಿಡಿಸಿ ನೋಡುತ್ತೇನೆ. ವ್ಯಾಡ್ ಇಲ್ಲದೆ ಹೊಡೆದಾಗ ನಡುವೆ ಸುಟ್ಟು ತೂತಾಗುತ್ತಿದ್ದ ಬಟ್ಟೆಗಳು ಗೂಡಿನ ಹಾಳೆ ಹಾಕಿದ ಮೇಲೆ ಮಸಿ ಹಿಡಿದರೂ ಇಡಿಯಾಗಿ ಸಿಕ್ಕವು. ಗುರಿಯಲ್ಲಿ ಗುಂಡುಗಳು ಹತ್ತಿರ ಹತ್ತಿರ ಬಿದ್ದವು. ಆದರೆ ಪ್ಯಾಚ್ ಕತ್ತರಿಸಿದಂತೆ ಸೀಳಿದ್ದರೆ ತಪ್ಪು ಬೆಂಕಿಯದಲ್ಲ. ನಳಿಗೆಯ ಬಾಯಿಯ ಅಥವಾ ಸುರುಳಿಯ ಅಂಚು ಹರಿತವಾಗಿದೆ ಎಂದು ಅರ್ಥ. ಗುಂಡು ಮತ್ತು ಬಟ್ಟೆ ಸೇರಿ ನಳಿಗೆಗೆ ಸಡಿಲವಾಗಿದ್ದರೂ ಗೂಡು ಅದನ್ನು ಪೂರ್ತಿ ಸರಿಪಡಿಸುವುದಿಲ್ಲ. ಮೊದಲು ಬಟ್ಟೆಯ ದಪ್ಪ ಸರಿಮಾಡಿ, ಆಮೇಲೆ ಗೂಡಿನ ಕಡೆ ನೋಡಿ.

ಸುರುಳಿ ಗೀರು ಇಲ್ಲದ, ಚರೆ (ಸಣ್ಣ ಸಣ್ಣ ಗುಂಡುಗಳು) ಹಾಕುವ ಕೋವಿಯಲ್ಲಿ ಮದ್ದಿನ ಮೇಲೆ ದಪ್ಪ ವ್ಯಾಡ್, ಅದರ ಮೇಲೆ ಚರೆ, ಚರೆಯ ಮೇಲೆ ತೆಳುವಾದ ಇನ್ನೊಂದು. ಮೇಲಿನದು ದಪ್ಪವಾದರೆ ಚರೆ ಚದುರಿ ನಡುವೆ ಖಾಲಿ ಬೀಳುತ್ತದೆ. ತೀರಾ ಸಡಿಲವಾದರೆ ಕೋವಿ ಬಾಗಿಸಿದಾಗ ಜಾರಿ ಮುಂದೆ ಬರುತ್ತದೆ. ಹಾಗೆ ಜಾರಿದ ವ್ಯಾಡ್ ನಳಿಗೆಗೆ ಅಡ್ಡಿಯಾಗುತ್ತದೆ, ಆದ್ದರಿಂದ ಬಹಳ ಹೊತ್ತು ತುಂಬಿಟ್ಟ ಕೋವಿಯನ್ನು ಹಾರಿಸುವ ಮೊದಲು ಗಜದ ಕೋಲಿನ ಗೆರೆಯನ್ನು ಮತ್ತೊಮ್ಮೆ ನೋಡುತ್ತೇನೆ.

ಕರಿಮದ್ದು ಸುಟ್ಟ ಮೇಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಘನ ಶೇಷವಾಗಿಯೇ ಉಳಿಯುತ್ತದೆ. ಅದರೊಂದಿಗೆ ಗೂಡಿನ ಚೂರೊಂದು ನಳಿಗೆಯ ತಳದಲ್ಲಿ ಕೆಂಡವಾಗಿ ಉಳಿದಿರಬಹುದು. ಆದ್ದರಿಂದ ಪ್ರತಿ ಗುಂಡಿನ ನಂತರ ಒದ್ದೆ ಬಟ್ಟೆಯಿಂದ ನಳಿಗೆ ಒರೆಸಿ, ಒಣ ಬಟ್ಟೆ ಎಳೆದು, ಸ್ವಲ್ಪ ಕಾದು ಮುಂದಿನ ಮದ್ದು ಸುರಿಯುತ್ತೇನೆ. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಎಂದೂ ಸುರಿಯುವುದಿಲ್ಲ, ಅಳತೆ ಬಟ್ಟಲಿನಿಂದಲೇ ಸುರಿಯುತ್ತೇನೆ. ಹುಲ್ಲು ಪೂರ್ತಿ ಒಣಗಿರುವ ತಿಂಗಳುಗಳಲ್ಲಿ ಗೂಡಿನ ಚೀಲ ಮನೆಯಲ್ಲೇ ಉಳಿಯುತ್ತದೆ. ಆಗ ಜಿಡ್ಡು ಸವರಿದ ಫೆಲ್ಟ್ ಬಿಲ್ಲೆಗಳನ್ನು ಬಳಸುತ್ತೇನೆ, ಗುರಿಕಟ್ಟೆಯಲ್ಲಿ ಒಂದು ಬಕೆಟ್ ನೀರನ್ನೂ ಪಕ್ಕದಲ್ಲಿ ಇಟ್ಟುಕೊಂಡಿರುತ್ತೇನೆ.