ದೀಪ ಬಿಟ್ಟು ಮೀಟರ್ ಹಿಡಿದೆ: ಫರ್ಮೆಂಟರ್ ತೊಳೆಯುವ ನನ್ನ ಪದ್ಧತಿ

ಮುಧೋಳ, ಜಮಖಂಡಿ ಕಡೆ ಡಿಸ್ಟಿಲರಿಗಳಲ್ಲಿ ಫರ್ಮೆಂಟರ್ (ಕಾಕಂಬಿ ಹುಳಿಸುವ ಟ್ಯಾಂಕ್), ಕಾಕಂಬಿ ಟ್ಯಾಂಕ್ ತೊಳೆಯುವ ಗುತ್ತಿಗೆ ನನ್ನದು. ಹುಡುಗರನ್ನು ಇಳಿಸುವ ಮೊದಲು ಒಳಗಿನ ಗಾಳಿಯನ್ನು ಗ್ಯಾಸ್ ಮೀಟರಿನಿಂದ ನೋಡುತ್ತೇನೆ. "ದೀಪ ಇಳಿಬಿಟ್ಟರೆ ಸಾಕಲ್ಲೋ, ಈ ಡಬ್ಬಿಗೆ ಯಾಕಿಷ್ಟು ರೊಕ್ಕ?" ಅಂತ ನಕ್ಕವರೇ ಈ ಹಂಗಾಮಿನಲ್ಲಿ ನನ್ನ ಮೀಟರ್ ಬಾಡಿಗೆಗೆ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ದೀಪದ ಮಾತು ಮೊದಲು. ಆಕ್ಸಿಜನ್ ನೂರಕ್ಕೆ 16–17ಕ್ಕೆ ಇಳಿಯುವ ತನಕ ದೀಪ ಉರಿಯುತ್ತಲೇ ಇರುತ್ತದೆ. ಮೀಟರ್ 19.5ಕ್ಕೇ ಕೂಗುತ್ತದೆ. ಒಳಗೆ ಉರಿಯುವ ಗ್ಯಾಸ್ ಇದ್ದರಂತೂ ದೀಪವೇ ಯಮ.

ಪೈಪಿನಿಂದ ಗಾಳಿ ಎಳೆಯುವ ಪಂಪ್ ಇರುವ, ನಾಲ್ಕು ಗ್ಯಾಸಿನ (ಆಕ್ಸಿಜನ್, ಉರಿಯುವ ಗ್ಯಾಸ್, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್) ಮೀಟರಿಗೆ ಸುಮಾರು 40 ಸಾವಿರ ಹೋಯಿತು. ಗಾಳಿ ಊದುವ ಬ್ಲೋವರ್, ಅದರ ದಪ್ಪ ಕೊಳವೆ ಡಕ್ಟ್ ಸೇರಿ ಇನ್ನೊಂದು 15 ಇರಬಹುದು. ಆಮೇಲೆ ಗೊತ್ತಾಯಿತು, ಈ ಮೀಟರ್ ಕಾರ್ಬನ್ ಡೈಆಕ್ಸೈಡ್ ಅಳೆಯುವುದೇ ಇಲ್ಲ! ಫರ್ಮೆಂಟರಿನಲ್ಲಿ ತುಂಬಿರುವುದೇ ಅದು. ಅದು ನೂರಕ್ಕೆ 4 ಇದ್ದರೂ ಆಕ್ಸಿಜನ್ 20ರ ಆಸುಪಾಸೇ ತೋರಿಸುತ್ತದೆ, ಮೀಟರ್ ಸುಮ್ನೆ ಕೂತಿರುತ್ತದೆ. ಒಳಗಿನವನ ಜೀವಕ್ಕೆ ಕುತ್ತು ತರಲು ಅಷ್ಟೇ ಸಾಕು. ಬೇರೆ ಸೆನ್ಸರ್ ಕೊಂಡೆ. ಅದರ ಬೆಲೆ ಇನ್ನೂ ಮನೆಯಾಕೆಗೆ ಹೇಳಿಲ್ಲ.

ಬ್ಲೋವರ್ ಕೂಡ ಜಾಸ್ತಿ ಸತಾಯಿಸಿತು. ಮ್ಯಾನ್‌ಹೋಲ್ ಬಾಯಿಗಿಟ್ಟು ಊದಿದರೆ ಮೇಲೆ ಆಕ್ಸಿಜನ್ 20.8. ಮೀಟರಿನ ಪೈಪ್ ತಳಕ್ಕೆ ಬಿಟ್ಟು ನೋಡಿದರೆ 14ರ ಹತ್ತಿರ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಮೇಲಿನ ಗಾಳಿಗೆ ಜಗ್ಗುವುದಿಲ್ಲ. ಡಕ್ಟ್ ತಳದವರೆಗೆ ಇಳಿಸಿದೆ. ಆಗ ಕಾರ್ಬನ್ ಮೊನಾಕ್ಸೈಡ್ ಅಲಾರಾಂ! ಪಕ್ಕದಲ್ಲೇ ಡೀಸೆಲ್ ಜನರೇಟರ್, ಅದರ ಹೊಗೆಯನ್ನೇ ಬ್ಲೋವರ್ ಒಳಗೆ ತುಂಬುತ್ತಿತ್ತು. ಜನರೇಟರನ್ನು ಗಾಳಿ ಬೀಸಿ ಹೋಗುವ ದಿಕ್ಕಿಗೆ ದೂರ ಎಳೆಸಿದೆ. ಡಕ್ಟಿನ ತುದಿಯನ್ನು ಯಾವ ಕೋನದಲ್ಲಿ ಕಟ್ಟುತ್ತೇನೆ ಅನ್ನೋದು ಮಾತ್ರ ಹೇಳಲ್ಲ, ನನ್ನ ಹೊಟ್ಟೆಪಾಡು ಅದರಲ್ಲೇ ಇದೆ.

ಈಗ ತಳ, ನಡು, ಮೇಲೆ ಮೂರೂ ಕಡೆ ನೋಡುತ್ತೇನೆ. ಪೈಪ್ ಉದ್ದ ಇದ್ದರೆ ಗಾಳಿ ಮೀಟರ್ ಮುಟ್ಟೋವರೆಗೆ ಕಾಯಬೇಕು, ಅವಸರದವನಿಗೆ ಸಿಗೋದು ಹೊರಗಿನ ಗಾಳಿಯ ಲೆಕ್ಕ. ಹುಡುಗರು ಸಲಿಕೆ ಹಾಕಿ ತಳದ ರಾಡಿ ಕೆದಕಿದರೆ ಗ್ಯಾಸ್ ಮತ್ತೆ ಏಳುತ್ತದೆ. ಹಾಗಾಗಿ ಬ್ಲೋವರ್ ನಿಲ್ಲಿಸುವುದಿಲ್ಲ, ಮೀಟರ್ ಅವರ ಕಾಲರಿನಲ್ಲೇ ಇರುತ್ತದೆ.

ಇಂಡಿ ಕಡೆ ಮಾವನವರ ಊರಲ್ಲಿ ಹಳೇ ಹಗೇವು (ಜೋಳ ತುಂಬಿಡುವ ನೆಲದೊಳಗಿನ ಗುಂಡಿ) ತೆಗೆದಾಗಲೂ ಪೈಪ್ ಇಳಿಸಿ ನೋಡಿದೆ. ಮುಚ್ಚಿಟ್ಟ ಜೋಳವೇ ಉಸಿರಾಡಿ ಆಕ್ಸಿಜನ್ ತಿಂದಿತ್ತು: 11ರ ಸುಮಾರು. ಹಿರಿಯರು ಬೇವಿನ ಟೊಂಗೆ ಕಟ್ಟಿ ಮೇಲೆ ಕೆಳಗೆ ಆಡಿಸಿದರು. ಒಂದಿಷ್ಟು ಏರಿತು, ನಿಲ್ಲಿಸಿದ ಮೇಲೆ ಮತ್ತೆ ಇಳಿಯಿತು. ಬ್ಲೋವರ್ ಹಾಕಿದ್ದಕ್ಕೆ ಅರ್ಧ ತಾಸಲ್ಲಿ ಸರಿಯಾಯಿತು.

ಟ್ಯಾಂಕಿನ ಮ್ಯಾನ್‌ಹೋಲ್ ಮೇಲೆ ಮೂರು ಕಾಲಿನ ಸ್ಟ್ಯಾಂಡು, ಹಗ್ಗ ಸುತ್ತಿ ಎತ್ತುವ ವಿಂಚ್, ಹಗ್ಗ ಹಿಡಿದ ಒಬ್ಬ. ಅವನು ಏನೇ ಆದರೂ ಒಳಗೆ ಇಳಿಯಬಾರದು. ಬಿದ್ದವನನ್ನು ಎತ್ತಲು ಹೋದವರೂ ಇಂಥಲ್ಲಿ ಎಷ್ಟೋ ಜನ ಸಾಯ್ತಾರೆ. "ಸುಮ್ನೆ ನಿಂತವನಿಗೆ ಪಗಾರ ಯಾಕೆ?" ಅಂತ ಒಂದು ಕಾರ್ಖಾನೆಯ ಸಾಹೇಬರು ಬಿಲ್ಲಿನಲ್ಲಿ ಅವನ ಹೆಸರು ಹೊಡೆದರು. ಈಗ ಅವನ ಕೂಲಿಯನ್ನು ಟ್ಯಾಂಕಿನ ರೇಟಿನಲ್ಲೇ ಸೇರಿಸಿ ಕೊಡುತ್ತೇನೆ, ಯಾರೂ ಕೇಳುವುದಿಲ್ಲ.