ಹಾಳೆಯ ಹಿಂಬದಿಯೂ ದಾಖಲೆಯೇ: ವ್ಯಂಗ್ಯಚಿತ್ರಕಾರರೊಬ್ಬರ ಸಂಗ್ರಹ ಜೋಡಿಸಿದ ನನ್ನ ಅನುಭವ

ದಿನಪತ್ರಿಕೆಗೆ ದಶಕಗಳ ಕಾಲ ವ್ಯಂಗ್ಯಚಿತ್ರ ಬರೆದು ನಿವೃತ್ತರಾದವರೊಬ್ಬರ ಮೂಲ ಚಿತ್ರಗಳೂ ಕಾಗದಪತ್ರಗಳೂ ನಮ್ಮ ಪತ್ರಾಗಾರಕ್ಕೆ ಬಂದಾಗ, ಅವುಗಳನ್ನು ಜೋಡಿಸಿ ಪಟ್ಟಿ ಮಾಡುವ ಹೊಣೆ ನನ್ನದಾಯಿತು. ಪತ್ರಿಕೆಯ ವ್ಯಂಗ್ಯಚಿತ್ರ ಅಂದಂದಿನ ಸುದ್ದಿಗೆ ಅಂಟಿಕೊಂಡೇ ಹುಟ್ಟುತ್ತದೆ; ಯಾವ ದಿನದ್ದೆಂದು ತಿಳಿಯದೆ ಹೋದರೆ ಎಷ್ಟೇ ಸೊಗಸಾದ ಚಿತ್ರವೂ ಮೂಕವಾಗುತ್ತದೆ. ಹಾಗಾಗಿ ನನ್ನ ಶ್ರಮದ ಬಹುಪಾಲು ದಿನಾಂಕಗಳಿಗೇ ಸಂದಿತು.

ಯಾವುದನ್ನೂ ಕದಲಿಸುವ ಮೊದಲು, ಪೆಟ್ಟಿಗೆಗಳಲ್ಲಿ ಹಾಳೆಗಳಿದ್ದ ಕ್ರಮವನ್ನು ಹಾಗೆಯೇ ಬರೆದುಕೊಂಡೆ. ಚಿತ್ರಕಾರರು ಒಂದೊಂದು ಅವಧಿಯ ಕರಡುಗಳನ್ನು, ಓದುಗರ ಪತ್ರಗಳನ್ನು, ತಾವು ಕತ್ತರಿಸಿಟ್ಟ ಸುದ್ದಿಗಳನ್ನು ಒಂದೇ ಲಕೋಟೆಯಲ್ಲಿ ಇಟ್ಟಿದ್ದರು. ಪ್ರದರ್ಶನಕ್ಕೆ ಒಪ್ಪುವ ಚಿತ್ರಗಳನ್ನು ಆರಿಸಿಕೊಂಡು ಉಳಿದದ್ದನ್ನು ರದ್ದಿಗೆ ಹಾಕೋಣವೆಂಬ ಮಾತು ಇಂಥ ಕಡೆ ಬಂದೇ ಬರುತ್ತದೆ. ಅದನ್ನು ನಾನು ಒಪ್ಪಲಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ 2002ರಲ್ಲಿ ಸೇರಿದ ಹರ್ಬ್‌ಲಾಕ್ ಎಂಬ ವ್ಯಂಗ್ಯಚಿತ್ರಕಾರರ ಸಂಗ್ರಹದಲ್ಲಿ 14,000ಕ್ಕೂ ಹೆಚ್ಚು ಪೂರ್ಣ ಚಿತ್ರಗಳ ಜೊತೆಗೆ ಸುಮಾರು 50,000 ಕರಡುಗಳನ್ನೂ ಕಾಪಾಡಲಾಗಿದೆ. ಅಚ್ಚಾಗದೆ ಉಳಿದ ಆಲೋಚನೆ ಯಾವುದೆಂದು ಹೇಳುವುದು ಆ ಕರಡುಗಳು ಮಾತ್ರ.

ನಮ್ಮ ಸಂಗ್ರಹದಲ್ಲಿ ಇಬ್ಬರು ಒಂದೇ ಕುರ್ಚಿಯನ್ನು ಎರಡು ಕಡೆಯಿಂದ ಎಳೆಯುತ್ತಿರುವ ಚಿತ್ರವೊಂದಿತ್ತು. ಮುಂಬದಿಯಲ್ಲಿ ಅಡಿಬರಹವೂ ಇಲ್ಲ, ತಾರೀಖೂ ಇಲ್ಲ. ಹಿಂಬದಿಯಲ್ಲಿ ಅರೆಮಾಸಿದ ಕಚೇರಿ ಮೊಹರು, ಎಷ್ಟು ಕಾಲಂ ಅಗಲಕ್ಕೆ ಕುಗ್ಗಿಸಬೇಕೆಂಬ ಪೆನ್ಸಿಲ್ ಸೂಚನೆ, ಪುಟದ ಸಂಖ್ಯೆ ಇದ್ದವು. ಮೊಹರಿನಲ್ಲಿ ತಿಂಗಳು ಮಾತ್ರ ಓದಲು ಬಂತು. ಆ ತಿಂಗಳ ಪತ್ರಿಕೆಗಳ ಮೈಕ್ರೋಫಿಲ್ಮನ್ನು (ಪುಟಗಳನ್ನು ಕಿರಿದಾಗಿಸಿ ತೆಗೆದಿಟ್ಟ ಫಿಲ್ಮು) ಪುಟದ ಸಂಖ್ಯೆ ಹಿಡಿದು ನೋಡುತ್ತಾ ಹೋದಾಗ ವರ್ಷವೂ ದಿನವೂ ಅಡಿಬರಹವೂ ಸಿಕ್ಕವು. ಹಾಳೆಯನ್ನು ಬೆಳಕಿಗೆ ಹಿಡಿದಾಗ, ಬಿಳಿ ಬಣ್ಣ ಬಳಿದು ಮುಚ್ಚಿದ್ದ ಜಾಗದಲ್ಲಿ ಮೊದಲು ಬರೆದಿದ್ದ ಬೇರೊಂದು ಮುಖ ಕಾಣಿಸಿತು. ಅಚ್ಚಾದ ಪ್ರತಿಯಲ್ಲಿ ಇದರ ಸುಳಿವೇ ಇರಲಿಲ್ಲ. ಅಂದಿನಿಂದ ಪ್ರತಿ ಹಾಳೆಯ ಎರಡೂ ಬದಿಗಳನ್ನು ಸ್ಕ್ಯಾನ್ ಮಾಡಿಸಿದೆ. ಚಿತ್ರ ಬರೆದ ದಿನ, ಅಚ್ಚಾದ ದಿನ ಎರಡನ್ನೂ ಬೇರೆ ಬೇರೆಯಾಗಿ ನಮೂದಿಸಿದೆ. ತಿಳಿ ನೀಲಿ ಪೆನ್ಸಿಲಿನ ಗೆರೆಗಳು ಅಚ್ಚಿನ ಕ್ಯಾಮೆರಾಕ್ಕೆ ಕಾಣದಂತೆಯೇ ಎಳೆದವು. ಅವೂ ಉಳಿಯಲೆಂದು ಕಪ್ಪುಬಿಳುಪಿನ ಚಿತ್ರಗಳನ್ನು ಸಹ ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಿದೆ.

ಕಾಪಾಡುವ ವಿಧಾನ ಆಯಾ ಸಾಮಗ್ರಿಗೆ ತಕ್ಕಂತೆ ಬೇರೆಯಾಗುತ್ತದೆ. ಇಂಡಿಯನ್ ಇಂಕಿನ ಗೆರೆ ಬಾಳಿಕೆ ಬರುತ್ತದೆ, ಆದರೆ ಫೆಲ್ಟ್ ಪೆನ್ನಿನ ಬಣ್ಣ ಬೆಳಕಿಗೆ ಬೇಗ ಮಾಸುತ್ತದೆ. ಅಂಥವನ್ನು ಪ್ರದರ್ಶನದಲ್ಲಿಟ್ಟರೂ 50 ಲಕ್ಸ್ (ಬೆಳಕಿನ ಅಳತೆ) ಮೀರದ ಮಂದ ಬೆಳಕಿನಲ್ಲಿ, ಅಲ್ಪಕಾಲ ಮಾತ್ರ ಇಡಬೇಕು. ಛಾಯೆಗಾಗಿ ಅಂಟಿಸಿದ ಚುಕ್ಕಿಯ ಹಾಳೆಗಳು ಕುಗ್ಗಿ, ಅಂಟು ಅಂಚಿನಲ್ಲಿ ಒಸರಿದ್ದರಿಂದ ನಡುವೆ ಅಂಟದ ಕಾಗದವಿಟ್ಟೆ. ಇದ್ದಿಲು, ಕ್ರೇಯಾನ್‌ಗಳ ಪುಡಿಯನ್ನು ಪಾಲಿಯೆಸ್ಟರ್ ಹೊದಿಕೆಯ ಸ್ಥಿರವಿದ್ಯುತ್ತು ಎಳೆದುಕೊಳ್ಳುವುದರಿಂದ, ಆ ಚಿತ್ರಗಳಿಗೆ ಆಮ್ಲರಹಿತ ಕಾಗದದ ಮಡಿಕೆಗಳನ್ನೇ ಬಳಸಿದೆ. ಪತ್ರಿಕೆಯ ಕತ್ತರಿಕೆಗಳನ್ನು ಚಿತ್ರಗಳಿಗೆ ತಾಗದಂತೆ ಬೇರ್ಪಡಿಸಿ, ಅವುಗಳ ಜಾಗದಲ್ಲಿ ಆಮ್ಲರಹಿತ ಕಾಗದದ ಮೇಲಿನ ನಕಲು ಪ್ರತಿಗಳನ್ನಿಟ್ಟೆ.

ಮೂಲ ಚಿತ್ರ ನಮ್ಮ ಕಪಾಟಿನಲ್ಲಿದ್ದ ಮಾತ್ರಕ್ಕೆ ಅದನ್ನು ಮುದ್ರಿಸುವ ಹಕ್ಕು ನಮಗೆ ಬರುವುದಿಲ್ಲ. ಆ ಹಕ್ಕು ಚಿತ್ರಕಾರರದ್ದೋ ಪತ್ರಿಕೆಯದ್ದೋ ಎಂಬುದು ಅವರ ನಡುವಣ ಒಪ್ಪಂದವನ್ನು ಅವಲಂಬಿಸಿರುವುದರಿಂದ, ಸಂಗ್ರಹ ಸ್ವೀಕರಿಸುವ ದಿನವೇ ಅದನ್ನು ಬರಹದಲ್ಲಿ ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯವೆಂದು ನಾನು ದೃಢವಾಗಿ ನಂಬಿದ್ದೇನೆ. ಓದುಗರ ಪತ್ರಗಳಲ್ಲಿ ಹೆಸರು, ವಿಳಾಸ, ಕೆಲವೊಮ್ಮೆ ಉಗ್ರವಾದ ಬೈಗುಳವೂ ಇರುತ್ತವೆ. ದಾನಿಗಳೊಂದಿಗೆ ಗೊತ್ತುಪಡಿಸಿದ ಅವಧಿಯವರೆಗೆ ಅವನ್ನು ಮುಚ್ಚಿಟ್ಟಿದ್ದೇವೆ. ಆದರೆ ಯಾವ ಪತ್ರ ಯಾವ ಚಿತ್ರದ ಕುರಿತದ್ದೆಂಬುದನ್ನು ಪಟ್ಟಿಯಲ್ಲಿ ತೋರಿಸಿರುವುದರಿಂದ, ಯಾವ ಚಿತ್ರ ಓದುಗರನ್ನು ಹೆಚ್ಚು ಕೆರಳಿಸಿತೆಂದು ಸಂಶೋಧಕರು ಈಗಲೇ ತಿಳಿದುಕೊಳ್ಳಬಹುದು.